ಯಾವ ಪಂದ್ಯದ ಜೆರ್ಸಿ ಇದು?

ರಾಜ್ಯ ತಂಡ, ಫ್ರಾಂಚೈಸಿ ತಂಡ, ದೇಶದ ತಂಡ ಎನ್ನದೆ ಆಟಗಾರರ ಕೈಗೆ ಜೆರ್ಸಿ ಕೊಡುವ ಎಲ್ಲ ಮ್ಯಾನೇಜರುಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಿಮ್ಮ ಹೆಸರು ಸ್ಕೋರ್‌ಕಾರ್ಡಿನಲ್ಲಿ ಬರುವುದಿಲ್ಲ. ತಂಡ ಗೆದ್ದ ದಿನ ತೆಗೆಯುವ ಫೋಟೋದಲ್ಲಿ ಎಲ್ಲೋ ಅಂಚಿನಲ್ಲಿ ನಿಂತಿರುತ್ತೀರಿ. ಆದರೆ ಬೆಳಿಗ್ಗೆ ಯಾವ ಆಟಗಾರನಿಗೆ ಯಾವ ಜೆರ್ಸಿ ಹೋಯಿತು, ಊಟದ ವಿರಾಮದಲ್ಲಿ ಯಾರು ಅಂಗಿ ಬದಲಿಸಿದರು, ಸಂಜೆ ಡ್ರೆಸಿಂಗ್ ರೂಮಿನಲ್ಲಿ ಬಿದ್ದ ರಾಶಿಯಿಂದ ಯಾವುದು ಲಾಂಡ್ರಿಗೆ ಹೋಯಿತು, ಯಾವುದು ಎದುರಾಳಿ ಆಟಗಾರನ ಕೈಸೇರಿತು ಎಂಬುದನ್ನೆಲ್ಲ ಕಣ್ಣಾರೆ ಕಾಣುವವರು ನೀವೇ. ಈ ಪತ್ರವನ್ನು ಮಂಡಳಿಯ ಅಧ್ಯಕ್ಷರಿಗಾಗಲಿ ಆಟಗಾರರಿಗಾಗಲಿ ಬರೆಯದೆ ನಿಮಗೆ ಬರೆಯುತ್ತಿರುವುದು ಅದಕ್ಕೇ.

ನಾನು ಪಂದ್ಯದಲ್ಲಿ ತೊಟ್ಟ ಜೆರ್ಸಿಗಳನ್ನು ಸಂಗ್ರಹಿಸುವವನು. ಚಿನ್ನಸ್ವಾಮಿ ಕ್ರೀಡಾಂಗಣದ ಸುತ್ತ ಪಂದ್ಯದ ದಿನ ಹಗ್ಗಕ್ಕೆ ನೇತುಹಾಕಿ ಮಾರುವ ಜೆರ್ಸಿಗಳ ಮಾತು ಬೇರೆ. ನನಗೆ ಬೇಕಾದದ್ದು ಮೈದಾನಕ್ಕಿಳಿದು, ಬೆವರು ಕುಡಿದು, ಹುಲ್ಲಿಗೆ ಉಜ್ಜಿಕೊಂಡು ಬಂದದ್ದು. ಕೆಲವರು ಬ್ಯಾಟು ಕೂಡಿಡುತ್ತಾರೆ, ಕೆಲವರು ಹಳೆಯ ಟಿಕೆಟ್ಟು, ಕೆಲವರು ಹಸ್ತಾಕ್ಷರ. ನನ್ನ ಮನಸ್ಸು ಹೋಗಿದ್ದು ಬಟ್ಟೆಯ ಮೇಲೆ. ಔಟಾದ ಮೇಲೆ ಆಟಗಾರ ಬ್ಯಾಟನ್ನು ಮೂಲೆಗೆ ಇಡುತ್ತಾನೆ. ಜೆರ್ಸಿ ಮಾತ್ರ ಅವನ ಮೈಮೇಲೇ ಇರುತ್ತದೆ. ಕ್ಯಾಚ್ ಬಿಟ್ಟಾಗಲೂ ಇತ್ತು, ಹಿಡಿದಾಗಲೂ ಇತ್ತು. ಬೌಂಡರಿ ಗೆರೆಯ ಬಳಿ ಬಿದ್ದೆದ್ದ ಮೊಣಕೈಯ ಜಾಗದಲ್ಲಿ ಹಸಿರು ಕಲೆ, ಹೆಲ್ಮೆಟ್ಟಿನ ಪಟ್ಟಿ ಉಜ್ಜಿ ಕತ್ತಿನ ಬಳಿ ಎದ್ದ ನೂಲಿನ ಜುಂಗು, ಬೌಲರ್ ಬೆರಳು ಒರೆಸಿಕೊಂಡ ಕಡೆ ಮಾಸಿದ ಬಣ್ಣ. ಇವನ್ನು ಬೆಳಕಿಗೆ ಹಿಡಿದು ನೋಡುತ್ತಾ ಕುಳಿತರೆ ನನಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಬೆಲೆ ಹೆಚ್ಚಾಯಿತೆಂದು ನಾನು ದೂರುತ್ತಿಲ್ಲ. ಬೇಡಿಕೆಯಿರುವ ವಸ್ತುವಿಗೆ ಬೆಲೆ ಬಂದೇ ಬರುತ್ತದೆ. ಕೈಗೆ ಸಿಕ್ಕಿದ ಜೆರ್ಸಿ ಯಾವ ಪಂದ್ಯದ್ದು ಎಂದು ಖಚಿತವಾಗಿ ಹೇಳಬಲ್ಲವರು ನಮ್ಮ ದೇಶದಲ್ಲಿ ಸಿಗುವುದಿಲ್ಲವಲ್ಲ, ನನ್ನ ಬೇಸರ ಅದು.

2023ರಲ್ಲಿ ಅಡಿಡಾಸ್ ಭಾರತ ತಂಡದ ಜೆರ್ಸಿಗಳನ್ನು ಮಾರುಕಟ್ಟೆಗೆ ತಂದಾಗ ಅಭಿಮಾನಿಗಳ ಟೀ ಶರ್ಟಿಗೆ 999 ರೂಪಾಯಿ, ರೆಪ್ಲಿಕಾಗೆ 2,999, ಆಟಗಾರರು ತೊಡುವಂಥದ್ದಕ್ಕೆ 4,999 ರೂಪಾಯಿ ಇಟ್ಟಿತು. ಆಟಗಾರರು ತೊಡುವ ಬಟ್ಟೆಯೇ ಅಭಿಮಾನಿಗೂ ಸಿಗುವುದು ಸಂತೋಷದ ಸಂಗತಿ. ಆದರೆ ಅದೇ ಜೆರ್ಸಿಗೆ ಹೆಸರು, ಅಂಕಿ ಒತ್ತಿಸಿ, ನಾಲ್ಕಾರು ಸಲ ಒಗೆದು, ಸ್ವಲ್ಪ ಮಣ್ಣು ಹತ್ತಿಸಿ ‘ಮ್ಯಾಚ್‌ವೋರ್ನ್’ ಎಂದು ಹತ್ತಾರು ಪಟ್ಟು ಬೆಲೆಗೆ ಮಾರಬೇಕೆಂದರೆ ಜೊತೆಗೆ ಒಂದು ಕಾಗದ ಇದ್ದರೆ ಸಾಕು. ಆ ಕಾಗದವನ್ನು ಬರೆಯುವವನು ಮಾರುವವನೇ. ಒಬ್ಬ ಮಾರಾಟಗಾರರು ನನಗೆ ತೋರಿಸಿದ ಪ್ರಮಾಣಪತ್ರಕ್ಕೆ ಚಿನ್ನದ ಬಣ್ಣದ ಅಂಚಿತ್ತು, ಮೊಹರಿತ್ತು, ಅಸಲಿ ಎಂಬ ಘೋಷಣೆಯಿತ್ತು. ಯಾವ ಊರು, ಯಾವ ತಾರೀಕು, ಯಾರ ವಿರುದ್ಧ ಎಂಬುದನ್ನು ಬರೆಯಲು ಅದರಲ್ಲಿ ಜಾಗವೇ ಇರಲಿಲ್ಲ. ಕೇಳಿದರೆ, “ಪ್ಲೇಯರ್‌ಗೆ ತುಂಬಾ ಹತ್ತಿರದವರಿಂದ ಬಂದಿದ್ದು ಸರ್, ಹೆಸರು ಹೇಳೋ ಹಾಗಿಲ್ಲ” ಎಂದರು. ನಾನು ಕೊಳ್ಳದೆ ಎದ್ದು ಬಂದೆ. ಅದು ಅಸಲಿಯೇ ಆಗಿದ್ದಿರಬಹುದು ಎಂಬ ಕೊರಗು ಮಾತ್ರ ಇನ್ನೂ ಹೋಗಿಲ್ಲ. ಖೋಟಾ ಮಾಲು ಕೊಂಡವನಿಗೆ ಹಣ ಹೋಗುತ್ತದೆ, ಸರಿ. ಆದರೆ ಸಾಕ್ಷಿಯಿಲ್ಲದ ಕಾರಣಕ್ಕೆ ಅಸಲಿ ಜೆರ್ಸಿಯೂ ಖೋಟಾದ ಸಾಲಿಗೆ ಸೇರಿಬಿಡುತ್ತದೆ. ಆ ನಷ್ಟ ಆಟಕ್ಕೆ ಆಗುವಂಥದ್ದು.

ನಾವು ಸಂಗ್ರಾಹಕರು ನಮ್ಮ ಕೈಲಾದ ಪರೀಕ್ಷೆಯನ್ನೆಲ್ಲ ಮಾಡುತ್ತೇವೆ. ಭಾರತ ತಂಡದ ಜೆರ್ಸಿಯ ಮೇಲಿನ ಪ್ರಾಯೋಜಕರ ಸರಣಿ ನಮಗೆ ಬಾಯಿಪಾಠ: ಸಹಾರಾ, 2014ರಿಂದ ಸ್ಟಾರ್, 2017ರಿಂದ ಒಪ್ಪೊ, 2019ರ ಸೆಪ್ಟೆಂಬರಿನಿಂದ ಬೈಜೂಸ್, 2023ರಿಂದ ಡ್ರೀಮ್ ಇಲೆವೆನ್, 2025ರ ಸೆಪ್ಟೆಂಬರಿನಲ್ಲಿ ಬಂದ ಅಪೋಲೊ ಟೈರ್ಸ್. ನಡುವೆ ಅದೇ ಸೆಪ್ಟೆಂಬರಿನ ಏಷ್ಯಾ ಕಪ್ಪನ್ನು ಪುರುಷರ ತಂಡ ಪ್ರಾಯೋಜಕರ ಹೆಸರೇ ಇಲ್ಲದ ಜೆರ್ಸಿಯಲ್ಲಿ ಆಡಿತು. ಯಾರಾದರೂ ಎದೆಯ ಮೇಲೆ ಬೈಜೂಸ್ ಎಂದಿರುವ ಜೆರ್ಸಿ ತಂದು, ಇದು 2019ರ ಜುಲೈನಲ್ಲಿ ಮ್ಯಾಂಚೆಸ್ಟರಿನಲ್ಲಿ ನ್ಯೂಜಿಲೆಂಡ್ ವಿರುದ್ಧ ಸೋತ ಸೆಮಿಫೈನಲ್ಲಿನದು ಎಂದರೆ ಎರಡು ತಪ್ಪು ಒಟ್ಟಿಗೆ ಕಣ್ಣಿಗೆ ಬೀಳುತ್ತವೆ. ಆಗಿನ್ನೂ ಬೈಜೂಸ್ ಬಂದಿರಲಿಲ್ಲ. ಮೇಲಾಗಿ ಐಸಿಸಿ ಪಂದ್ಯಾವಳಿಗಳಲ್ಲಿ ಎದೆಯ ಮೇಲೆ ದೇಶದ ಹೆಸರಿರುತ್ತದೆ, ಪ್ರಾಯೋಜಕರು ತೋಳಿಗೆ ಸರಿಯುತ್ತಾರೆ. ಲೇಬಲ್ಲು ನೋಡುತ್ತೇವೆ, ಹೊಲಿಗೆ ನೋಡುತ್ತೇವೆ, ಅಂಕಿಯ ಅಚ್ಚಿನ ಅಂಚನ್ನು ಭೂತಗನ್ನಡಿಯಲ್ಲಿ ನೋಡುತ್ತೇವೆ. ಇಷ್ಟರಿಂದ ಸುಳ್ಳನ್ನು ಹಿಡಿಯಬಹುದು. ನಿಜವಾದದ್ದು ಕೈಗೆ ಬಂದಾಗ ಅದನ್ನು ನಿಜವೆಂದು ತೋರಿಸಿಕೊಡಲು ಇಷ್ಟು ಸಾಲದು.

ಕೆಲವೇ ಕೆಲವು ಜೆರ್ಸಿಗಳು ತಮ್ಮ ತಾರೀಕನ್ನು ತಾವೇ ಹೇಳುತ್ತವೆ. 2019ರ ಜೂನ್ 30ರಂದು ಎಜ್‌ಬಾಸ್ಟನ್ನಿನಲ್ಲಿ ನಡೆದ ವಿಶ್ವಕಪ್ ಪಂದ್ಯದಲ್ಲಿ ಇಂಗ್ಲೆಂಡಿನದೂ ನೀಲಿಯೇ ಆದ್ದರಿಂದ ಭಾರತ ಕಿತ್ತಳೆ ಬಣ್ಣ ಬೆರೆತ ಜೆರ್ಸಿ ತೊಟ್ಟು ಇಳಿಯಿತು. ರೋಹಿತ್ ಶರ್ಮಾ 102 ಹೊಡೆದರು, ಮೊಹಮ್ಮದ್ ಶಮಿ 5 ವಿಕೆಟ್ ಪಡೆದರು, ಪಂದ್ಯ 31 ರನ್ನುಗಳಿಂದ ಕೈತಪ್ಪಿತು. ಆ ವಿಶ್ವಕಪ್ಪಿನಲ್ಲಿ ಆ ಬಣ್ಣ ಮತ್ತೆ ಕಾಣಿಸಲಿಲ್ಲ. ಹಾಗಾಗಿ ಆಟಗಾರರಿಗೆ ಕೊಟ್ಟದ್ದೆಂದು ಖಾತ್ರಿಯಾದರೆ ಸಾಕು, ಯಾವ ಪಂದ್ಯವೆಂಬ ಪ್ರಶ್ನೆ ಏಳುವುದೇ ಇಲ್ಲ. ನಮ್ಮ ಆರ್‌ಸಿಬಿ 2011ರಿಂದ ಹಸಿರು ಜೆರ್ಸಿ ತೊಟ್ಟು ಆಡುವ ಪಂದ್ಯದ ಮಾತೂ ಹೆಚ್ಚುಕಡಿಮೆ ಇದೇ. ಬೆಂಗಳೂರಿನ ಸಂಗ್ರಾಹಕರು ಕೆಂಪಿಗಿಂತ ಆ ಹಸಿರಿಗೆ ಹೆಚ್ಚು ಆಸೆಪಡುವುದು ಸುಮ್ಮನೆ ಅಲ್ಲ.

ಬಿಳಿಯ ಅಂಗಿಗಳ ವಿಷಯಕ್ಕೆ ಬಂದರೆ ಮಾತ್ರ ಕೈಚೆಲ್ಲಿ ಕೂರಬೇಕಾಗುತ್ತದೆ. ಟೆಸ್ಟ್ ಅಂಗಿಯ ಬೆನ್ನಿಗೆ ಹೆಸರು, ಅಂಕಿ ಬಂದದ್ದು 2019ರ ಆಗಸ್ಟ್ 1ರಂದು ಶುರುವಾದ ಆ್ಯಶಸ್ ಸರಣಿಯಲ್ಲಿ. ಅದೇ ತಿಂಗಳು ವೆಸ್ಟ್ ಇಂಡೀಸಿನಲ್ಲಿ ಭಾರತವೂ ಹಾಗೆ ಆಡಿತು. ಅದಕ್ಕೂ ಹಿಂದಿನ ಬಿಳಿ ಅಂಗಿಗಳೆಲ್ಲ ಒಂದೇ ಥರ. 2016ರ ಡಿಸೆಂಬರ್ 18ರ ಸಂಜೆ ಚೆನ್ನೈನಲ್ಲಿ ಕರುಣ್ ನಾಯರ್ 71 ರನ್ ಗಳಿಸಿ ಅಜೇಯರಾಗಿದ್ದರು. ಮರುದಿನ ಅದು ಅಜೇಯ 303 ಆಯಿತು. ಟೆಸ್ಟಿನಲ್ಲಿ ಕರ್ನಾಟಕದವರೊಬ್ಬರು ಹೊಡೆದ ಮೊದಲ ತ್ರಿಶತಕ. ಆ ಮರುದಿನದ ಅಂಗಿ ಯಾವುದು? ಚೆನ್ನೈನ ಸೆಕೆಯಲ್ಲಿ ದಿನವಿಡೀ ಒಂದೇ ಅಂಗಿಯಲ್ಲಿದ್ದರೋ, ಊಟದ ಹೊತ್ತಿಗೆ ಬದಲಿಸಿದರೋ? ನೂರು ದಾಟಿದ್ದು ಒಂದರಲ್ಲಿ, ಮುನ್ನೂರು ದಾಟಿದ್ದು ಇನ್ನೊಂದರಲ್ಲಿ ಆಗಿರಬಹುದಲ್ಲವೇ? 1999ರ ಫೆಬ್ರುವರಿ 7ರಂದು ದಿಲ್ಲಿಯ ಕೋಟ್ಲಾದಲ್ಲಿ ಅನಿಲ್ ಕುಂಬ್ಳೆ 74 ರನ್ನಿಗೆ ಹತ್ತಕ್ಕೆ ಹತ್ತು ವಿಕೆಟ್ ಪಡೆದ ಅಂಗಿಯನ್ನೂ ಅದೇ ಸರಣಿಯಲ್ಲಿ ಅವರು ತೊಟ್ಟ ಮತ್ತೊಂದು ಅಂಗಿಯನ್ನೂ ಅಕ್ಕಪಕ್ಕ ಇಟ್ಟರೆ ಹೊರಗಿನವರ ಕಣ್ಣಿಗೆ ಎರಡೂ ಒಂದೇ. ಇನ್ನು 1974ರ ಮಾರ್ಚಿನಲ್ಲಿ, ಹದಿನೈದು ವರ್ಷ ರಣಜಿ ಟ್ರೋಫಿಯನ್ನು ಬಿಟ್ಟುಕೊಡದಿದ್ದ ಬಾಂಬೆಯನ್ನು ಬೆಂಗಳೂರಿನ ಸೆಮಿಫೈನಲ್ಲಿನಲ್ಲಿ ಕರ್ನಾಟಕ ಮಣಿಸಿದ ಪಂದ್ಯದ ಬಟ್ಟೆಗಳಿವೆಯಲ್ಲ, ಪ್ರಸನ್ನ ಗಾವಸ್ಕರರನ್ನು ಬೌಲ್ಡ್ ಮಾಡಿದಾಗ ತೊಟ್ಟಿದ್ದು, ವಿಶ್ವನಾಥ್ 162 ಹೊಡೆದಾಗ ತೊಟ್ಟಿದ್ದು, ಅವುಗಳನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಬಿಳಿಯ ವಿಷಯ ಬಂದದ್ದರಿಂದ ಒಂದು ಮಾತು. ಕೆಂಪು ಚೆಂಡನ್ನು ಉಜ್ಜಿ ಉಜ್ಜಿ ಬೌಲರಿನ ತೊಡೆಯ ಮೇಲೆ ಮೂಡುವ ಕೆಂಪು ಕಲೆ ಇರುತ್ತದಲ್ಲ, ಟೆಸ್ಟ್ ಪಂದ್ಯದ ನಿಜವಾದ ಗುರುತು ಅದು. ಅದಿರುವುದು ಪ್ಯಾಂಟಿನ ಮೇಲೆ. ಪ್ಯಾಂಟನ್ನು ಯಾರೂ ಕೂಡಿಡುವುದಿಲ್ಲ, ಯಾರೂ ಹರಾಜಿಗೆ ತರುವುದಿಲ್ಲ. ದಯವಿಟ್ಟು ಅದನ್ನೂ ಎಸೆಯಬೇಡಿ.

ಕರ್ನಾಟಕಕ್ಕೆ ರಣಜಿ ಆಡಿದ ಹಿರಿಯರೊಬ್ಬರ ಮನೆಗೆ ಒಮ್ಮೆ ಹೋಗಿದ್ದೆ. ಬೀರುವಿನ ತಳದಿಂದ ನುಸಿಗುಳಿಗೆಯ ವಾಸನೆಯ ಎರಡು ಸ್ವೆಟರ್, ಮೂರು ಅಂಗಿ ತೆಗೆದು ಮಂಚದ ಮೇಲೆ ಹರಡಿದರು. ಅವರ ಮನೆಯವರು ಕಾಫಿ ತಂದಿಡುತ್ತಾ, “ಇನ್ನೂ ಎಷ್ಟೋ ಇದ್ವಪ್ಪಾ, ಕೆಲಸದವರಿಗೆ ಕೊಟ್ಟುಬಿಟ್ವಿ. ಕೆಲವು ಸ್ಕೂಟರ್ ಒರೆಸೋಕ್ಕಾಯ್ತು. ಇದನ್ನೆಲ್ಲ ಯಾರಾದ್ರೂ ಕೇಳ್ಕೊಂಡ್ ಬರ್ತಾರೆ ಅಂತ ಯಾರಿಗ್ ಗೊತ್ತಿತ್ತು?” ಎಂದರು. ಹಿರಿಯರು ಒಂದು ಸ್ವೆಟರನ್ನು ಕೈಗೆತ್ತಿಕೊಂಡು, “ಇದು ಹೈದರಾಬಾದ್ ಮೇಲೆ ಆಡಿದಾಗಿಂದು. ಅಲ್ಲ, ಕೇರಳದ ಮ್ಯಾಚಾ?” ಎಂದು ಬಹಳ ಹೊತ್ತು ಯೋಚಿಸಿದರು. ಆ ಎರಡೂ ಪಂದ್ಯಗಳಲ್ಲಿ ತಾವು ಯಾರನ್ನು ಹೇಗೆ ಔಟ್ ಮಾಡಿದೆವೆಂಬುದು ಅವರಿಗೆ ನಿನ್ನೆ ಮೊನ್ನೆಯದೆಂಬಂತೆ ನೆನಪಿತ್ತು. ಬಟ್ಟೆಯದು ನೆನಪಿರಲಿಲ್ಲ. ಯಾಕಿರಬೇಕು? ಆಡುವವರಿಗೆ ಆಟದ ಕಡೆ ಗಮನವಿದ್ದರೆ ಸಾಕು. ಬಟ್ಟೆಯ ಲೆಕ್ಕ ಇಡುವುದು ಬೇರೆಯವರ ಕೆಲಸವಾಗಬೇಕಿತ್ತು. ಒಂದು ಅಂಗಿಯನ್ನು ಅವರು ಪ್ರೀತಿಯಿಂದ ನನಗೇ ಕೊಟ್ಟರು. ಅದರ ಜೊತೆಗಿಟ್ಟ ಚೀಟಿಯಲ್ಲಿ ಅವರ ಹೆಸರು ಬರೆದು, ‘ಪಂದ್ಯ ತಿಳಿಯದು’ ಎಂದು ಸೇರಿಸಿದ್ದೇನೆ. ಹಾಗೆ ಬರೆಯುವಾಗ ಕೈ ಎಳೆದಂತಾಯಿತು.

ಆಮೇಲೆ ನಾನು ಸಂಬಂಧಪಟ್ಟ ಕಚೇರಿಯೊಂದಕ್ಕೆ ಹೋಗಿ ವಿಚಾರಿಸಿದೆ. ಅಲ್ಲಿದ್ದವರು ಮರ್ಯಾದೆಯಿಂದಲೇ ಮಾತಾಡಿಸಿದರು. ಜೆರ್ಸಿ ಎಷ್ಟು ತರಿಸಿದೆವು, ಎಷ್ಟು ಹಂಚಿದೆವು ಎಂಬುದಕ್ಕೆ ಬಿಲ್ಲಿದೆ, ಸ್ಟಾಕ್ ಪುಸ್ತಕವಿದೆ. ಯಾವುದು ಯಾವ ಪಂದ್ಯದಲ್ಲಿ ಬಳಕೆಯಾಯಿತೆಂದು ಬರೆಯುವ ಪದ್ಧತಿ ಇಲ್ಲ ಎಂದರು. ಅಂದರೆ ಹಣದ ಲೆಕ್ಕ ಇದೆ, ಆಟದ ಲೆಕ್ಕ ಇಲ್ಲ.

ಬರೆದಿಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಜಗತ್ತಿನ ಅತ್ಯಂತ ಪ್ರಸಿದ್ಧ ಜೆರ್ಸಿಯ ಕತೆಯನ್ನೇ ನೋಡಿ. 1986ರ ಜೂನ್ 22ರಂದು ಮೆಕ್ಸಿಕೋದ ಅಜ್ಟೆಕಾ ಕ್ರೀಡಾಂಗಣದಲ್ಲಿ ಮರಡೋನಾ ಇಂಗ್ಲೆಂಡಿನ ವಿರುದ್ಧ ಎರಡು ಗೋಲು ಹೊಡೆದರು, ಒಂದು ಕೈಯಿಂದ, ಇನ್ನೊಂದು ಅರ್ಧ ಮೈದಾನ ದಾಟಿಸಿ. ಅಂದು ಅರ್ಜೆಂಟೀನಾ ತೊಟ್ಟ ನೀಲಿ ಅಂಗಿಗಳನ್ನು ಪಂದ್ಯಕ್ಕೆ ಸ್ವಲ್ಪ ಮುಂಚೆ ಮೆಕ್ಸಿಕೋ ನಗರದ ಅಂಗಡಿಯಿಂದ ತರಿಸಿ, ಅವಸರದಲ್ಲಿ ಲಾಂಛನ ಹೊಲಿಸಿ, ಬೆಳ್ಳಿ ಬಣ್ಣದ ಅಂಕಿಗಳನ್ನು ಹಚ್ಚಿಸಿದ್ದರು. ಪಂದ್ಯ ಮುಗಿದ ಮೇಲೆ ಇಂಗ್ಲೆಂಡಿನ ಸ್ಟೀವ್ ಹಾಜ್ ಮರಡೋನಾ ಜೊತೆ ಅಂಗಿ ಬದಲಾಯಿಸಿಕೊಂಡರು. ಮುಂದೆ ಅದು ಮ್ಯಾಂಚೆಸ್ಟರಿನ ಫುಟ್ಬಾಲ್ ವಸ್ತುಸಂಗ್ರಹಾಲಯದಲ್ಲಿ ವರ್ಷಗಟ್ಟಲೆ ಪ್ರದರ್ಶನಕ್ಕಿತ್ತು. 2022ರಲ್ಲಿ ಸದಬೀಸ್ ಅದನ್ನು ಹರಾಜಿಗಿಟ್ಟಾಗ ಮರಡೋನಾ ಅವರ ಮಗಳು ತಕರಾರು ಎತ್ತಿದರು. ಅಪ್ಪ ವಿರಾಮದಲ್ಲಿ ಅಂಗಿ ಬದಲಿಸಿದ್ದರು, ಹಾಜ್ ಬಳಿ ಇರುವುದು ಮೊದಲ ಅರ್ಧದ್ದು, ಗೋಲು ಹೊಡೆದಾಗಿನದಲ್ಲ ಎಂದರು. ಹಾಜ್ ಒಪ್ಪಲಿಲ್ಲ. ಹರಾಜು ಸಂಸ್ಥೆಯವರು ತಜ್ಞರನ್ನು ಕರೆಸಿ, ಗೋಲುಗಳ ಫೋಟೋಗಳನ್ನು ಹಿಗ್ಗಿಸಿ, ಲಾಂಛನ ಮತ್ತು ಅಂಕಿಯ ಸೂಕ್ಷ್ಮ ವಿವರಗಳನ್ನು ಒಂದೊಂದಾಗಿ ಹೊಂದಿಸಿ, ಇದು ಗೋಲು ಹೊಡೆದದ್ದೇ ಎಂದು ಸಾಧಿಸಬೇಕಾಯಿತು. ಕೊನೆಗೆ 71 ಲಕ್ಷ ಪೌಂಡಿಗೂ ಹೆಚ್ಚಿಗೆ ಹೋಯಿತು. ಅವಸರದ ಕೆಲಸದಲ್ಲಿ ಉಳಿದ ಏರುಪೇರುಗಳು ಅಂಥ ಹೋಲಿಕೆಗೆ ದೊಡ್ಡ ಆಸರೆ. ಆ ಸಂಜೆ ಯಾರಾದರೂ ಒಂದು ಸಾಲು ಬರೆದಿಟ್ಟಿದ್ದರೆ 36 ವರ್ಷದ ಮೇಲೆ ಮಗಳು ಒಂದು ಮಾತು, ಆಟಗಾರ ಒಂದು ಮಾತು ಆಡುವ ಪ್ರಸಂಗವೇ ಬರುತ್ತಿರಲಿಲ್ಲ.

ಫೋಟೋಕ್ಕೆ ಬಟ್ಟೆಯನ್ನು ಹೊಂದಿಸಿ ನೋಡುವ ಈ ವಿದ್ಯೆ ಈಗ ಬಹಳ ಬೆಳೆದಿದೆ. ಬೇಸ್‌ಬಾಲಿನ ಬೇಬ್ ರೂತ್ ಅವರ ಒಂದು ಜೆರ್ಸಿ 2005ರಲ್ಲಿ 9,40,000 ಡಾಲರಿಗೆ ಮಾರಾಟವಾಗಿತ್ತು. ಅದು 1932ರ ವರ್ಲ್ಡ್ ಸೀರೀಸಿನ ಮೂರನೆಯ ಪಂದ್ಯದ್ದೇ ಎಂದು ಹಳೆಯ ಛಾಯಾಚಿತ್ರಗಳಿಂದ ತೋರಿಸಿದ ಮೇಲೆ 2024ರಲ್ಲಿ 2 ಕೋಟಿ 41 ಲಕ್ಷ ಡಾಲರ್ ದಾಟಿತು. ನಡುವೆ ಮಾರುಕಟ್ಟೆಯೂ ಬೆಳೆದಿತ್ತು, ನಿಜ. ಪುರಾವೆಯ ಪಾಲು ಅದರಲ್ಲಿ ಸಣ್ಣದೇನಲ್ಲ. ಅದೇ ಬೇಬ್ ರೂತ್ ಅವರ ಇನ್ನೊಂದು ಜೆರ್ಸಿಯನ್ನು 2003ರಲ್ಲಿ ಆಟಗಾರರ ಚಿತ್ರದ ಕಾರ್ಡುಗಳನ್ನು ಮಾರುವ ಅಮೆರಿಕದ ಕಂಪನಿಯೊಂದು ಎರಡೂವರೆ ಲಕ್ಷ ಡಾಲರಿಗೂ ಮಿಕ್ಕಿ ಕೊಟ್ಟು ಕೊಂಡು, ಚೂರುಚೂರು ಕತ್ತರಿಸಿ, ಕಾರ್ಡುಗಳಿಗೆ ಅಂಟಿಸಿ ಹಂಚಿತು. ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಈಗ ಅಂಥ ಎಷ್ಟೋ ಕಾರ್ಡುಗಳ ಹಿಂಬದಿಯಲ್ಲಿ, ಒಳಗಿರುವ ಬಟ್ಟೆಯ ಚೂರು ಯಾವುದೇ ನಿರ್ದಿಷ್ಟ ಪಂದ್ಯಕ್ಕೆ ಸಂಬಂಧಿಸಿದ್ದಲ್ಲ ಎಂದೇ ಅಚ್ಚಾಗಿರುತ್ತದೆ.

ಆದರೆ ಫೋಟೋ ಹೋಲಿಕೆ ತಾರೆಯರಿಗಷ್ಟೇ ಒದಗುವ ಭಾಗ್ಯ. ಕೊಹ್ಲಿಯವರ ಒಂದು ಇನ್ನಿಂಗ್ಸಿಗೆ ಸಾವಿರಾರು ಚಿತ್ರಗಳಿರುತ್ತವೆ. ಹುಬ್ಬಳ್ಳಿಯಲ್ಲೋ ಶಿವಮೊಗ್ಗದಲ್ಲೋ ನಡೆಯುವ ರಣಜಿ ಪಂದ್ಯದಲ್ಲಿ ಮೊದಲ ಸಲ ಐದು ವಿಕೆಟ್ ಪಡೆದ ಹುಡುಗನಿಗೆ ಪತ್ರಿಕೆಯವರು ತೆಗೆದ ಒಂದೆರಡು ಚಿತ್ರ ಸಿಕ್ಕರೆ ಹೆಚ್ಚು. ಅವನ ಜೆರ್ಸಿಗೆ ನಿಮ್ಮ ಬರವಣಿಗೆಯಲ್ಲದೆ ಬೇರೆ ಸಾಕ್ಷಿಯೇ ಇಲ್ಲ.

ಅಮೆರಿಕದ ಬೇಸ್‌ಬಾಲಿನವರು ಇದನ್ನು 2001ರಲ್ಲೇ ಸರಿಮಾಡಿಕೊಂಡರು. ಖೋಟಾ ಹಸ್ತಾಕ್ಷರಗಳ ಜಾಲವನ್ನು ಎಫ್‌ಬಿಐ ಬಯಲಿಗೆಳೆದ ಮೇಲೆ ಅವರಿಗೆ ಎಚ್ಚರವಾಯಿತು. ಈಗ ಪ್ರತಿ ಪಂದ್ಯಕ್ಕೂ ದೃಢೀಕರಿಸುವವರು ಹಾಜರಿರುತ್ತಾರೆ, ಅವರಲ್ಲಿ ಅನೇಕರು ಹಿಂದೆ ಪೊಲೀಸ್ ಕೆಲಸದಲ್ಲಿದ್ದವರು. ತಾವು ಕಣ್ಣಾರೆ ಕಂಡ ವಸ್ತುವಿಗೆ ಮಾತ್ರ ಅವರು ಹಾಲೋಗ್ರಾಂ ಅಂಟಿಸುತ್ತಾರೆ. ಕಿತ್ತರೆ ಅದು ಹಾಳಾಗುತ್ತದೆ. ಅದರ ಮೇಲೊಂದು ಸಂಖ್ಯೆ. ಆ ಸಂಖ್ಯೆ ಇಟ್ಟುಕೊಂಡು ಯಾರು ಬೇಕಾದರೂ ಯಾವ ಪಂದ್ಯದ್ದೆಂದು ನೋಡಬಹುದು. ಉತ್ತರ ಅಮೆರಿಕದ ಐಸ್ ಹಾಕಿಯಲ್ಲಿ ಒಂದು ಋತುವಿನ ಜೆರ್ಸಿಗಳನ್ನು ಮೊದಲ ಸೆಟ್, ಎರಡನೆಯ ಸೆಟ್ ಎಂದು ಗುರುತಿಸಿ ಒಳಗೆ ಪಟ್ಟಿ ಹೊಲಿಯುವ ರೂಢಿ ಅನೇಕ ತಂಡಗಳಲ್ಲಿದೆ. ಅಷ್ಟು ದುಡ್ಡು ನಮ್ಮಲ್ಲಿಲ್ಲ ಎನ್ನಬೇಡಿ. ನಮ್ಮೂರಿನ ಮಡಿವಾಳರು ಹತ್ತಾರು ಮನೆಯ ಬಟ್ಟೆಯನ್ನು ಒಂದೇ ಗಂಟಿನಲ್ಲಿ ಹೊತ್ತೊಯ್ದು, ಕೇರುಬೀಜದ ಮಸಿಯಲ್ಲಿ ಹಾಕಿದ ಸಣ್ಣ ಗುರುತಿನಿಂದಲೇ ಯಾರದನ್ನು ಯಾರಿಗೆ ಕೊಡಬೇಕೋ ಅವರಿಗೇ ತಂದು ಕೊಡುತ್ತಿದ್ದರು. ನಾನು ಕೇಳುತ್ತಿರುವುದು ಅಷ್ಟನ್ನೇ.

ಪ್ರತಿ ಜೆರ್ಸಿಯ ಒಳಬದಿಯಲ್ಲಿ, ಪಕ್ಕದ ಹೊಲಿಗೆಯ ಹತ್ತಿರ, ಸಂಖ್ಯೆಯಿರುವ ಒಂದು ಬಟ್ಟೆಯ ಪಟ್ಟಿ. ನಿಮ್ಮ ಬಳಿ ಒಂದು ರಿಜಿಸ್ಟರ್. ದಿನದಾಟ ಮುಗಿದ ಮೇಲೆ ಆ ಸಂಖ್ಯೆಯೆದುರು ಆಟಗಾರನ ಹೆಸರು, ಊರು, ತಾರೀಕು, ಎದುರಾಳಿ, ದಿನದ ಯಾವ ಹೊತ್ತಿನಲ್ಲಿ ತೊಟ್ಟಿದ್ದು, ಆಮೇಲೆ ಎಲ್ಲಿಗೆ ಹೋಯಿತು ಎಂದು ಬರೆದು ಸಹಿ ಹಾಕಿ. ಸ್ಕೋರರ್ ಹೇಗೂ ಇರುತ್ತಾರೆ, ಅವರದೂ ಒಂದು ಸಹಿ ಇರಲಿ. ಚೆಂಡು ಚೆಂಡಿಗೂ ಲೆಕ್ಕ ಬರೆಯುವ ಆಟ ನಮ್ಮದು, ಬಟ್ಟೆಗೆ ಒಂದು ಸಾಲು ಭಾರವಾಗಲಾರದು. ಹರಿದದ್ದು, ಕಲೆಯಾದದ್ದು ಕಂಡರೆ ಅದನ್ನೂ ಬರೆಯಿರಿ. ಒಬ್ಬರ ಜೆರ್ಸಿ ಇನ್ನೊಬ್ಬರು ತೊಟ್ಟಿದ್ದರೆ ತಪ್ಪದೆ ಬರೆಯಿರಿ. ಹೊಸದಾಗಿ ತಂಡ ಸೇರಿದವರು ಜೊತೆಗಾರನ ಜೆರ್ಸಿಯ ಹೆಸರಿನ ಮೇಲೆ ಟೇಪು ಅಂಟಿಸಿಕೊಂಡು ಆಡುವುದುಂಟು. ನೀವು ಬರೆಯದಿದ್ದರೆ ಟೇಪು ಕಿತ್ತ ಮರುಕ್ಷಣದಿಂದ ಆ ಜೆರ್ಸಿ ತಪ್ಪು ಮನುಷ್ಯನದಾಗಿಬಿಡುತ್ತದೆ. ಸಾಧ್ಯವಾದರೆ ದೊಡ್ಡ ಇನ್ನಿಂಗ್ಸಿನ, ದೊಡ್ಡ ಸ್ಪೆಲ್ಲಿನ ಜೆರ್ಸಿಯನ್ನು ಹೋಟೆಲ್ಲಿನ ಲಾಂಡ್ರಿಗೆ ಹಾಕಬೇಡಿ. ಬೆವರು ಒಣಗಿಸಿ ಹಾಗೇ ಮಡಿಸಿಡಿ. ಒಗೆದರೆ ಪಂದ್ಯವೂ ತೊಳೆದು ಹೋಗುತ್ತದೆ.

ಜೆರ್ಸಿ ಆಟಗಾರರ ಸೊತ್ತಲ್ಲವೇ ಎಂದು ಕೇಳಬಹುದು. ಅವರದೇ. ಅವರು ಅದನ್ನು ತಾಯಿಗೆ ಕೊಡಲಿ, ಹಳೆಯ ಕೋಚ್‌ಗೆ ಕೊಡಲಿ, ಗ್ಯಾಲರಿಯಲ್ಲಿ ಕೂತ ಮಗುವಿನತ್ತ ಎಸೆಯಲಿ. ಕಿತ್ತುಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಯಾವ ಕೈಗೆ ಹೋದರೂ ಅದರ ಹುಟ್ಟಿದ ದಿನ ಅದರ ಜೊತೆಗೆ ಹೋಗಲಿ. ಸಹಾಯಾರ್ಥ ಹರಾಜುಗಳಿಗೂ ಇದರಿಂದ ಬಲ ಬರುತ್ತದೆ. 2020ರಲ್ಲಿ ನಮ್ಮ ಕೆ.ಎಲ್. ರಾಹುಲ್ ತಮ್ಮ ಬ್ಯಾಟು, ಜೆರ್ಸಿಗಳನ್ನು ಮಕ್ಕಳ ನೆರವಿಗಾಗಿ ಹರಾಜಿಗಿಟ್ಟಾಗ ಸುಮಾರು 8 ಲಕ್ಷ ರೂಪಾಯಿ ಬಂತು. 2024ರಲ್ಲಿ ಅವರೂ ಅವರ ಪತ್ನಿಯೂ ಸೇರಿ ನಡೆಸಿದ ಹರಾಜಿನಲ್ಲಿ ಕೊಹ್ಲಿಯವರ ಒಂದು ಜೆರ್ಸಿಯೇ 40 ಲಕ್ಷಕ್ಕೆ ಹೋಯಿತು. ಆಟಗಾರರೇ ಮುಂದೆ ನಿಂತು ಕೊಟ್ಟ ಕಡೆ ಯಾರೂ ಸಂಶಯಪಡುವುದಿಲ್ಲ. 2025ರ ಜುಲೈನ ಲಾರ್ಡ್ಸ್ ಟೆಸ್ಟಿನ ನಂತರ ರೂತ್ ಸ್ಟ್ರಾಸ್ ಪ್ರತಿಷ್ಠಾನಕ್ಕಾಗಿ ನಡೆದ ಹರಾಜಿನಲ್ಲಿ ಶುಭಮನ್ ಗಿಲ್ ಅವರ ಅಂಗಿಗೆ 4,600 ಪೌಂಡ್ ಬಂತು. ಯಾವ ಟೆಸ್ಟಿನದು ಎಂಬುದು ಕೊಂಡವರಿಗೂ ಗೊತ್ತು, ಅವರ ಮೊಮ್ಮಕ್ಕಳಿಗೂ ಗೊತ್ತಿರುತ್ತದೆ. ಆದರೆ ಎಲ್ಲ ಆಟಗಾರರೂ ಎಷ್ಟು ಕಾಲ ಮುಂದೆ ನಿಂತು ಸಾಕ್ಷಿ ಹೇಳಲಾದೀತು?

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಲೆಕ್ಕ ಇಡಲು ಶುರುಮಾಡಿದ ಕಡೆಗಳಲ್ಲಿ ಮಾರುವ ಆಸೆ ಬೇಗ ಬೆಳೆದಿದೆ. ಪಂದ್ಯಕ್ಕೆ ಮುಂಚಿನ ಅಭ್ಯಾಸದ ಹೊತ್ತಿಗಷ್ಟೇ ತೊಡಿಸಿ ಹರಾಜಿಗೆ ಕಳಿಸುವ ಜೆರ್ಸಿಗಳನ್ನು ಐಸ್ ಹಾಕಿಯವರು ತಯಾರಿಸಿದ್ದುಂಟು. ಅಭ್ಯಾಸದ್ದೆಂದು ಹೇಳಿಯೇ ಮಾರಿದರೆ, ಅದೂ ಒಳ್ಳೆಯ ಕೆಲಸಕ್ಕೆ ಮಾರಿದರೆ ನನ್ನ ತಕರಾರಿಲ್ಲ. ಆದರೆ ಮಾರಲೆಂದೇ ಓವರಿಗೊಂದು ಜೆರ್ಸಿ ಬದಲಿಸುವ ಕಾಲ ನಮ್ಮಲ್ಲಿಗೆ ಬಾರದಿರಲಿ. ಅದನ್ನು ತಡೆಯಬಲ್ಲವರೂ ನೀವೇ.

ಮಹಿಳಾ ತಂಡಗಳ ಮ್ಯಾನೇಜರುಗಳೇ, ನಿಮಗೆ ಇನ್ನೂ ಹೆಚ್ಚು ಒತ್ತಿ ಹೇಳುತ್ತೇನೆ. ಪುರುಷರ ಕ್ರಿಕೆಟ್ಟಿನಲ್ಲಿ ಕಳೆದುಹೋದದ್ದು ಕಳೆದುಹೋಯಿತು. ನಿಮ್ಮ ಕಡೆ ದೊಡ್ಡ ದಿನಗಳು ಈಗ ಬರುತ್ತಿವೆ. 2017ರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡಿನ ವಿರುದ್ಧ ಡರ್ಬಿಯಲ್ಲಿ ವಿಜಯಪುರದ ರಾಜೇಶ್ವರಿ ಗಾಯಕ್ವಾಡ್ 15 ರನ್ನಿಗೆ 5 ವಿಕೆಟ್ ಪಡೆದು ತಂಡವನ್ನು ಸೆಮಿಫೈನಲ್ಲಿಗೆ ಒಯ್ದರು. 2024ರ ಮಾರ್ಚಿನಲ್ಲಿ ಆರ್‌ಸಿಬಿಗೆ ಮೊಟ್ಟಮೊದಲ ಕಪ್ಪನ್ನು ತಂದವರು ಹೆಣ್ಣುಮಕ್ಕಳು, ಆ ಫೈನಲ್ಲಿನಲ್ಲಿ ಶ್ರೇಯಾಂಕಾ ಪಾಟೀಲ್ 4 ವಿಕೆಟ್ ಕಿತ್ತರು. 2025ರ ನವೆಂಬರ್ 2ರ ರಾತ್ರಿ ನವಿ ಮುಂಬೈಯಲ್ಲಿ ಭಾರತ ವಿಶ್ವಕಪ್ ಗೆದ್ದಿತು. ಆ ರಾತ್ರಿಯ ಜೆರ್ಸಿಗಳ ಲೆಕ್ಕ ಬರೆದಿಟ್ಟವರು ನಿಮ್ಮಲ್ಲಿ ಯಾರಾದರೂ ಇದ್ದರೆ ಅವರಿಗೆ ಕೈಮುಗಿಯುತ್ತೇನೆ. ಬರೆದಿಲ್ಲವಾದರೆ ಆಟಗಾರ್ತಿಯರೆಲ್ಲ ಇನ್ನೂ ಸಂಪರ್ಕದಲ್ಲಿದ್ದಾರೆ, ನೆನಪು ಹಸಿಯಾಗಿದೆ, ಈ ವಾರವೇ ಫೋನ್ ಮಾಡಿ ಕೇಳಿ ಬರೆದುಕೊಳ್ಳಿ.

ಹಾಕಿಯವರೂ ಇದನ್ನು ಓದಲಿ. 1975ರಲ್ಲಿ ಕೌಲಾಲಂಪುರದಲ್ಲಿ ವಿಶ್ವಕಪ್ ಗೆದ್ದ ತಂಡದಲ್ಲಿ ಬಿ.ಪಿ. ಗೋವಿಂದ, 1980ರಲ್ಲಿ ಮಾಸ್ಕೋದಲ್ಲಿ ಚಿನ್ನ ಗೆದ್ದ ತಂಡದಲ್ಲಿ ಎಂ.ಎಂ. ಸೋಮಯ್ಯ ಇದ್ದರು, ಇಬ್ಬರೂ ಕೊಡಗಿನವರು. ಕೊಡಗಿನ ಎಷ್ಟು ಐನ್‌ಮನೆಗಳ ಪೆಟ್ಟಿಗೆಗಳಲ್ಲಿ ಎಂಥೆಂಥ ಅಂಗಿಗಳಿರಬಹುದು ಎಂದು ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ.

ಖರ್ಚಿನ ಚಿಂತೆ ಬೇಡ. ಬಟ್ಟೆಯ ಪಟ್ಟಿಗಳನ್ನು ನೇಯಿಸಿ, ಸಂಖ್ಯೆ ಹಾಕಿಸಿ, ರಿಜಿಸ್ಟರ್ ಅಚ್ಚುಹಾಕಿಸಿ ಕೊಡಲು ನಾವು ಕೆಲವು ಸಂಗ್ರಾಹಕರು ಸಿದ್ಧರಿದ್ದೇವೆ. ಪ್ರತಿಯಾಗಿ ಒಂದು ಜೆರ್ಸಿಯನ್ನೂ ಕೇಳುವುದಿಲ್ಲ. ಈ ಸಲ ರಾಜ್ಯದ ಒಂದೇ ಒಂದು ತಂಡ, ಅದು 19 ವರ್ಷದೊಳಗಿನವರ ತಂಡವಾದರೂ ಸರಿ, ಒಂದು ಋತುವಿನ ಮಟ್ಟಿಗೆ ಹೀಗೆ ಬರೆದು ನೋಡಲಿ.

ಕೊನೆಯದಾಗಿ, ನಿವೃತ್ತರಾದ ಹಿರಿಯ ಮ್ಯಾನೇಜರುಗಳಲ್ಲಿ ಒಂದು ಪ್ರಾರ್ಥನೆ. ಇಂಥ ಪಂದ್ಯದಲ್ಲಿ ಇಂಥವರ ತೋಳು ಹರಿದಿತ್ತು, ನಾನೇ ಸೂಜಿ ಹಿಡಿದು ಹೊಲಿದೆ. ಚಳಿಗೆ ಇಂಥವರು ಇಂಥವರ ಸ್ವೆಟರ್ ಎರವಲು ಪಡೆದರು. ಆ ಸಂಜೆ ಇಂಥ ಅಂಗಿಯನ್ನು ಎದುರಾಳಿ ನಾಯಕನಿಗೆ ಕೊಟ್ಟೆವು. ಇಂಥ ನೂರು ಸಂಗತಿಗಳು ನಿಮ್ಮ ತಲೆಯಲ್ಲಿವೆ. ಅವನ್ನು ಕೇಳಲು ಇದುವರೆಗೆ ಯಾರೂ ಬಂದಿರಲಿಕ್ಕಿಲ್ಲ. ನಾವು ಬರುತ್ತೇವೆ. ಮೈಸೂರಾದರೂ ಸರಿ, ಧಾರವಾಡವಾದರೂ ಸರಿ, ನಿಮಗೆ ಅನುಕೂಲವಾದ ದಿನ ಹೇಳಿ. ನೀವು ಹೇಳುತ್ತಾ ಹೋಗಿ, ನಾವು ಬರೆದುಕೊಂಡು ನಿಮಗೇ ಓದಿ ತೋರಿಸಿ ಸಹಿ ಹಾಕಿಸಿಕೊಳ್ಳುತ್ತೇವೆ. ಹಳೆಯ ಕಿಟ್‌ಬ್ಯಾಗ್ ಒಂದೇನಾದರೂ ನಿಮ್ಮ ಅಟ್ಟದ ಮೇಲೆ ಉಳಿದಿದ್ದರೆ, ನಾವು ಬರುವವರೆಗೆ ಅದನ್ನು ಯಾರಿಗೂ ಕೊಡಬೇಡಿ, ಒಗೆಯಲೂ ಬೇಡಿ.

ಇಂತಿ ತಮ್ಮ ವಿಶ್ವಾಸಿ,
ಬೆಂಗಳೂರಿನ ಒಬ್ಬ ಜೆರ್ಸಿ ಸಂಗ್ರಾಹಕ